ಹೊಳೆಗೆ ಬಿಟ್ಟದ್ದು ಎಲ್ಲಿಗೆ ಹೋಗುತ್ತದೆ?

ಬೆಂಗಳೂರಿನಿಂದ ಮೈಸೂರಿಗೆ ಹೋಗುವವರಿಗೆ ಮದ್ದೂರು ಎಂದರೆ ವಡೆ ನೆನಪಾಗುತ್ತದೆ. ಊರಿನ ಪಕ್ಕದಲ್ಲೇ ಒಂದು ನದಿ ಹರಿಯುತ್ತದೆ ಎನ್ನುವುದು ಎಷ್ಟೋ ಜನರ ಗಮನಕ್ಕೇ ಬರುವುದಿಲ್ಲ. ಮೊದಲೆಲ್ಲ ಬಸ್ಸು ಸೇತುವೆಯ ಮೇಲೆ ನಿಧಾನವಾಗಿ ಸಾಗುವಾಗ ಕಿಟಕಿಯ ಪಕ್ಕ ಕೂತವರು ಇಣುಕಿ ನೋಡುತ್ತಿದ್ದರು. 2023ರಲ್ಲಿ ಹೊಸ ಹೆದ್ದಾರಿ ಬಂದ ಮೇಲೆ ಇಣುಕುವುದಕ್ಕೂ ಪುರಸೊತ್ತಿಲ್ಲ. ಆ ನದಿಯ ಹೆಸರು ಶಿಂಷಾ. ನಮ್ಮ ಕಡೆ ಹಳ್ಳಿಯವರು ಹೆಸರು ಹಿಡಿದು ಕರೆಯುವುದು ಕಡಿಮೆ. ಹೊಳೆ ಎಂದರೆ ಸಾಕು, ಎಲ್ಲರಿಗೂ ತಿಳಿಯುತ್ತದೆ.

ನಾನು ಹುಟ್ಟಿದ್ದು ಈ ಹೊಳೆಯ ದಡದ ಒಂದು ಹಳ್ಳಿಯಲ್ಲಿ. ಬಿ.ಕಾಂ. ಮುಗಿಸಿ, ಬ್ಯಾಂಕಿನಲ್ಲಿ ಗುಮಾಸ್ತನಾಗಿ ಸೇರಿ, ಮಂಡ್ಯ, ಮದ್ದೂರು, ಮಳವಳ್ಳಿಯ ಶಾಖೆಗಳಲ್ಲಿ ಕೆಲಸ ಮಾಡಿ ನಿವೃತ್ತನಾದೆ. ಈಗ ಎಪ್ಪತ್ತು ದಾಟಿದೆ, ಮದ್ದೂರಿನಲ್ಲಿ ಮಗನ ಮನೆಯಲ್ಲಿದ್ದೇನೆ. ಜೀವಮಾನವೆಲ್ಲ ಜಮಾ-ಖರ್ಚು ಬರೆದವನು ಹೊಳೆಯ ವಿಷಯ ಬರೆದರೂ ಅದರಲ್ಲಿ ಲೆಕ್ಕವೇ ಹೆಚ್ಚಿರುತ್ತದೆ. ಮಕ್ಕಳು ಬೇಸರ ಮಾಡಿಕೊಳ್ಳಬಾರದು.

ಶಿಂಷೆ ಹುಟ್ಟುವುದು ತುಮಕೂರು ಜಿಲ್ಲೆಯ ದೇವರಾಯನದುರ್ಗದ ಬೆಟ್ಟಸಾಲಿನಲ್ಲಿ. ಕುಣಿಗಲ್ ತಾಲ್ಲೂಕಿನ ಎಡೆಯೂರಿನ ಸಮೀಪ ಮಾರ್ಕೋನಹಳ್ಳಿ ಜಲಾಶಯವನ್ನು ತುಂಬಿಸಿ ನಮ್ಮ ಮಂಡ್ಯ ಜಿಲ್ಲೆಗೆ ಇಳಿಯುತ್ತದೆ. 1938ರ ಏಪ್ರಿಲ್‌ನಲ್ಲಿ ನಿಷೇಧವನ್ನು ಮೀರಿ ರಾಷ್ಟ್ರಧ್ವಜ ಹಾರಿಸಿದ ಶಿವಪುರ ಇರುವುದು ಮದ್ದೂರಿನ ಮಗ್ಗುಲಲ್ಲಿ, ಇದೇ ಹೊಳೆಯ ಸೀಮೆಯಲ್ಲಿ. ಅಲ್ಲಿಂದ ಮುಂದೆ ಇಗ್ಗಲೂರಿನ ಬ್ಯಾರೇಜು. ಆ ನೀರನ್ನು ಮೇಲೆತ್ತಿ ಚನ್ನಪಟ್ಟಣದ ಕಡೆಯ ಕೆರೆಗಳಿಗೆ ತುಂಬಿಸುತ್ತಾರೆ. ಮಳವಳ್ಳಿ ತಾಲ್ಲೂಕಿನಲ್ಲಿ ಜಲಪಾತವಾಗಿ ಧುಮುಕಿ, ಶಿವನಸಮುದ್ರದಿಂದ ಕೆಳಗೆ ಕಾವೇರಿಯನ್ನು ಸೇರುತ್ತದೆ. ಒಟ್ಟು ಉದ್ದ 221 ಕಿಲೋಮೀಟರು.

ನಾನು ಚಿಕ್ಕವನಿದ್ದಾಗ ಬೇಸಿಗೆಯಲ್ಲಿ ಹೊಳೆ ಸಣ್ಣಗಾಗಿ ಒಂದು ದಡಕ್ಕೆ ಸರಿದುಕೊಳ್ಳುತ್ತಿತ್ತು. ಉಳಿದದ್ದೆಲ್ಲ ಮರಳು. ಅವ್ವ ಬೆಳಗ್ಗೆ ಕೊಡ ಹಿಡಿದು ಹೋಗಿ, ಮರಳಿನಲ್ಲಿ ಕೈಯಿಂದಲೇ ಮೊಳದಷ್ಟು ಆಳ ಗುಂಡಿ ತೋಡುತ್ತಿದ್ದಳು. ಅದಕ್ಕೆ ಒರತೆ ಎಂದು ಹೆಸರು. ಮೊದಲು ಬಂದ ಕದಡಿದ ನೀರನ್ನು ಮೊಗೆದು ಚೆಲ್ಲಿ ಸ್ವಲ್ಪ ಹೊತ್ತು ಕಾದರೆ ತಿಳಿನೀರು ಒಸರುತ್ತಿತ್ತು. ತೆಂಗಿನ ಚಿಪ್ಪಿನಲ್ಲಿ ತುಂಬಿ ತುಂಬಿ ಕೊಡಕ್ಕೆ ಹಾಕುತ್ತಿದ್ದಳು. ನಮ್ಮ ಮನೆಯವರೆಲ್ಲ ಕುಡಿದದ್ದು ಆ ನೀರು. ಮರಳು ನೀರನ್ನು ಹೇಗೆ ಸೋಸುತ್ತದೆ ಎಂದು ಅವ್ವನಿಗೆ ಯಾರೂ ಪಾಠ ಹೇಳಿರಲಿಲ್ಲ. ಆದರೆ ವಿಷಯ ನಿಜ. ಮರಳಿನ ಕಣಗಳ ನಡುವೆ ಇಳಿಯುವಾಗ ಕಸ ಅಲ್ಲೇ ನಿಲ್ಲುತ್ತದೆ, ಕಣಗಳ ಮೇಲೆ ಬೆಳೆದ ಸೂಕ್ಷ್ಮಜೀವಿಗಳು ಕೊಳೆಯನ್ನು ತಿಂದುಹಾಕುತ್ತವೆ. ಮುಂದೆ ಮನೆ ಕಟ್ಟುವವರು ಹೆಚ್ಚಾದರು, ಲಾರಿಗಳು ಬಂದವು, ಎಷ್ಟೋ ಕಡೆ ಮರಳು ಖಾಲಿಯಾಗಿ ಹೊಂಡಗಳು ಉಳಿದವು. ಒರತೆ ತೋಡೋಣ ಎಂದರೆ ಈಗ ಮರಳೂ ಇಲ್ಲ, ಕುಡಿಯುವ ಧೈರ್ಯವೂ ಇಲ್ಲ.

2018ರಲ್ಲಿ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ ದೇಶದ ನದಿಗಳ ಒಂದು ಪಟ್ಟಿ ಮಾಡಿತು. ದೇಶದಲ್ಲಿ 351 ಕಡೆ ನದಿಯ ಹರಿವು ಮಲಿನವಾಗಿದೆ ಎಂದು ಅದರಲ್ಲಿತ್ತು. ಕರ್ನಾಟಕದ ಪಾಲು 17. ಕಾವೇರಿ, ತುಂಗಭದ್ರಾ, ಅರ್ಕಾವತಿಗಳ ಜೊತೆ ನಮ್ಮ ಶಿಂಷೆಯ ಹೆಸರೂ ಇತ್ತು. ಏಳನೇ ತರಗತಿಯಲ್ಲಿರುವ ಮೊಮ್ಮಗಳು ಶಾಲೆಯ ಚಾರ್ಟಿಗಾಗಿ ಈ ವಿಷಯ ಹುಡುಕಿಕೊಂಡು ಬಂದು, "ತಾತ, ಬಿಓಡಿ 3ಕ್ಕಿಂತ ಜಾಸ್ತಿ ಇದ್ರೆ ಗಲೀಜು ಅಂತೆ. ಬಿಓಡಿ ಅಂದ್ರೇನು?" ಎಂದಳು.

ಬ್ಯಾಂಕಿನವನಿಗೆ 'ಓಡಿ' ಎಂದರೆ ಓವರ್‌ಡ್ರಾಫ್ಟು. ಖಾತೆಯಲ್ಲಿ ಇರುವುದಕ್ಕಿಂತ ಹೆಚ್ಚು ತೆಗೆಯುವುದು. ಓದಿ ನೋಡಿದರೆ ಇದೂ ಹೆಚ್ಚುಕಡಿಮೆ ಅದೇ ಲೆಕ್ಕ! ಬಿಓಡಿ ಎಂದರೆ ಜೈವಿಕ ಆಮ್ಲಜನಕದ ಬೇಡಿಕೆ. ಅವಳಿಗೆ ನಾನು ಹೀಗೆ ಹೇಳಿದೆ.

"ನೋಡು ಪುಟ್ಟಿ, ಹೊಳೆಗೂ ಒಂದು ಪಾಸ್‌ಬುಕ್ ಇದೆ. ಅದರಲ್ಲಿರುವ ಹಣ ಅಂದರೆ ನೀರಿನಲ್ಲಿ ಕರಗಿರುವ ಆಮ್ಲಜನಕ. ನಮ್ಮೂರಿನ ಸೆಕೆಗೆ ಒಂದು ಲೀಟರ್ ಶುದ್ಧ ನೀರಿನಲ್ಲಿ ಹೆಚ್ಚೆಂದರೆ ಸುಮಾರು 8 ಮಿಲಿಗ್ರಾಂ ಕರಗಿರುತ್ತದೆ. ಮೀನು ಉಸಿರಾಡುವುದು ಆ ದುಡ್ಡಿನಲ್ಲಿ. ಹೊಳೆಗೆ ಅನ್ನ, ಸಗಣಿ, ಕಕ್ಕಸಿನ ನೀರು, ಕಬ್ಬಿನ ಹಾಲಿನ ಕೊಳೆ ಏನೇ ಬಿದ್ದರೂ ಅದನ್ನು ತಿನ್ನಲು ಸೂಕ್ಷ್ಮಜೀವಿಗಳು ಮುತ್ತುತ್ತವೆ. ಅವೂ ಉಸಿರಾಡಬೇಕಲ್ಲ, ಅದೇ ಖಾತೆಯಿಂದ ತೆಗೆಯುತ್ತವೆ. ನೀರನ್ನು ಸೀಸೆಯಲ್ಲಿ ಮುಚ್ಚಿ 27 ಡಿಗ್ರಿ ಶಾಖದಲ್ಲಿ 3 ದಿನ ಇಟ್ಟು, ಎಷ್ಟು ಆಮ್ಲಜನಕ ಖರ್ಚಾಯಿತು ಅಂತ ಅಳೆಯುತ್ತಾರೆ. ಲೀಟರಿಗೆ 3 ಮಿಲಿಗ್ರಾಂ ಮೀರಿದರೆ ಹೊಳೆ ಸಾಲಕ್ಕೆ ಬೀಳುತ್ತಿದೆ ಅಂತ ಅರ್ಥ."

"ಜಮಾ ಮಾಡೋರು ಯಾರು?" ಎಂದು ಅವಳು ಕೇಳಿದಳು. ಒಳ್ಳೆಯ ಪ್ರಶ್ನೆ. ಗಾಳಿ ಜಮಾ ಮಾಡುತ್ತದೆ. ನೀರು ಕಲ್ಲಿನ ಮೇಲೆ ನೊರೆ ಎದ್ದು ಹರಿಯುವಾಗ ಗಾಳಿ ಬೆರೆಯುತ್ತದೆ. ಬಿಸಿಲಿನಲ್ಲಿ ನೀರಿನೊಳಗಿನ ಗಿಡಗಳೂ ಸ್ವಲ್ಪ ಜಮಾ ಮಾಡುತ್ತವೆ. ಹಾಗಾಗಿ ಹರಿಯುವ ಹೊಳೆಗೆ ಸಣ್ಣಪುಟ್ಟ ಖರ್ಚನ್ನು ತಾನೇ ತುಂಬಿಕೊಳ್ಳುವ ಶಕ್ತಿಯಿದೆ. ತೊಂದರೆ ಇರುವುದು ಬೇಸಿಗೆಯಲ್ಲಿ. ಮಳೆನೀರು ನಿಂತುಹೋಗಿರುತ್ತದೆ, ಚರಂಡಿ ನೀರು ಮಾತ್ರ ತಪ್ಪದೆ ದಿನಾ ಬರುತ್ತಿರುತ್ತದೆ. ಆಗ ಜಮಾ ಇಲ್ಲ, ಬರೀ ಖರ್ಚು. ಮೀನು ಸಾಯುವುದು ಆಗಲೇ.

ಹಾಗಾದರೆ ಖರ್ಚು ಮಾಡುವವರು ಯಾರು? ಊರುಗಳ ಚರಂಡಿ ಮೊದಲನೆಯದು. ಕಾರ್ಖಾನೆಗಳು ಸೋಸದೆ ಬಿಟ್ಟ ನೀರು ಎರಡನೆಯದು. ಮೂರನೆಯದು ನಮ್ಮ ಗದ್ದೆ. ಕೃಷ್ಣರಾಜಸಾಗರದಿಂದ ಹುಲಿಕೆರೆ ಸುರಂಗ ದಾಟಿ ಬರುವ ವಿಶ್ವೇಶ್ವರಯ್ಯ ನಾಲೆಯ ಪುಣ್ಯದಿಂದ ನಮ್ಮಲ್ಲಿ ಭತ್ತ, ಕಬ್ಬು ಬೆಳೆಯುತ್ತವೆ. ಪೈರು ಉಂಡು ಮಿಕ್ಕ ಯೂರಿಯಾ ಬಸಿನೀರಿನ ಜೊತೆ ಹಳ್ಳಕ್ಕೆ, ಹಳ್ಳದಿಂದ ಹೊಳೆಗೆ ಬರುತ್ತದೆ. ಆ ಗೊಬ್ಬರ ತಿಂದು ಅಂತರಗಂಗೆ ದಡದಿಂದ ದಡಕ್ಕೆ ಹಾಸಿಕೊಳ್ಳುತ್ತದೆ. ಮೇಲಿನಿಂದ ನೋಡುವವರಿಗೆ ಹಸಿರು ಚೆಂದ. ಕೆಳಗೆ ನೀರಿಗೆ ಬಿಸಿಲೂ ಇಲ್ಲ, ಗಾಳಿಯೂ ಇಲ್ಲ.

ಪುಸ್ತಕದ ಲೆಕ್ಕ ಸಾಲದು, ಕಣ್ಣಾರೆ ನೋಡೋಣ ಎಂದು ಒಂದು ಭಾನುವಾರ ಬೆಳಗ್ಗೆ ನಾನು, ಮೊಮ್ಮಗಳು, ಅವಳ ಇಬ್ಬರು ಗೆಳತಿಯರು ನಮ್ಮ ಬೀದಿಯ ಕೊನೆಯ ಮೋರಿಯ ಕಟ್ಟೆ ಮೇಲೆ ಕೂತೆವು. ನನ್ನ ಹಳೆಯ ಉದ್ದ ಲೆಡ್ಜರಿನಲ್ಲಿ ಮನೆ ಎಳೆದು ಹೆಸರು ಬರೆದೆ: ಹಾಲಿನ ಕವರು, ಶಾಂಪೂ ಚೀಟಿ, ಗುಟ್ಕಾ ಚೀಟಿ, ನೀರಿನ ಬಾಟಲಿ, ಊಟದ ತಟ್ಟೆ, ಇತರೆ. ಚರಂಡಿಯಲ್ಲಿ ತೇಲಿ ಬಂದದ್ದಕ್ಕೆಲ್ಲ ಮಕ್ಕಳು ಒಂದೊಂದು ಗೀಟು ಹಾಕುತ್ತಾ ಹೋದರು. ಒಂದು ಗಂಟೆಯಲ್ಲಿ ಪುಟ ತುಂಬಿತು. 'ಇತರೆ' ಎಂಬಲ್ಲಿ ಒಂದು ಚಪ್ಪಲಿ, ಒಂದು ಮುರಿದ ಬಾಚಣಿಗೆ, ಗಾಜಿನ ಚೌಕಟ್ಟಿನ ಸಮೇತ ಒಂದು ದೇವರ ಪಟ ಇದ್ದವು. ಅಂದು ಮುಹೂರ್ತದ ದಿನ. ಹತ್ತಿರದ ಮದುವೆ ಛತ್ರದಿಂದ ಬಾಟಲಿಗಳ ಮೆರವಣಿಗೆಯೇ ಬಂತು!

ಮಕ್ಕಳು ಆ ಲೆಡ್ಜರನ್ನು ಹಿಡಿದು ನೇರವಾಗಿ ಛತ್ರದ ಮ್ಯಾನೇಜರ್ ಬಳಿ ಹೋದರು. ದೊಡ್ಡವರು ಹೋಗಿದ್ದರೆ ಜಗಳವಾಗುತ್ತಿತ್ತೋ ಏನೋ. ಮಕ್ಕಳ ಕೈಯ ಲೆಕ್ಕ ನೋಡಿ ಆತ ನಕ್ಕು, ಎರಡು ದಿನದಲ್ಲಿ ಚರಂಡಿ ಬಾಯಿಗೆ ಒಂದು ಜಾಲರಿ ಹಾಕಿಸಿದ. ಕಥೆ ಅಲ್ಲಿಗೆ ಸುಖಾಂತವಾಗಲಿಲ್ಲ. ಮೊದಲ ಮಳೆಗೇ ಜಾಲರಿ ಕಟ್ಟಿಕೊಂಡು ನೀರು ರಸ್ತೆಗೆ ಬಂತು, ಅಕ್ಕಪಕ್ಕದವರು ಬೈದರು. ಆಮೇಲೆ ಜಾಲರಿ ತೆಗೆಸಿ, ಮೂರು ಬೆರಳು ಅಂತರದ ಕಬ್ಬಿಣದ ಸರಳು ಹಾಕಿಸಿದರು. ಮದುವೆಯಾದ ಮಾರನೇ ದಿನ ಛತ್ರದವರೇ ಅದನ್ನು ಬಳಿದು ತೆಗೆಯಬೇಕೆಂದು ಮಾತಾಯಿತು. ಈಗ ಹೆಚ್ಚಾಗಿ ನಡೆಯುತ್ತಿದೆ, ಒಮ್ಮೊಮ್ಮೆ ತಪ್ಪುತ್ತದೆ. ತಪ್ಪಿದ ದಿನ ಮೊಮ್ಮಗಳು ಹೋಗಿ ನೆನಪು ಮಾಡಿ ಬರುತ್ತಾಳೆ.

ಬಾಟಲಿಗೆ ಸರಳು ಸಾಕು. ಸೋಪಿನ ನೀರು, ಕಕ್ಕಸಿನ ನೀರು ಸರಳಿಗೆ ಸಿಕ್ಕುವುದಿಲ್ಲ. ಅದಕ್ಕೆ ಒಳಚರಂಡಿ ಬೇಕು, ಅದರ ಕೊನೆಯಲ್ಲಿ ಶುದ್ಧೀಕರಣ ಘಟಕ ಬೇಕು. ಮಕ್ಕಳೇ, ಅಲ್ಲಿ ನಡೆಯುವುದೂ ಹೊಳೆ ತಾನೇ ಮಾಡುತ್ತಿದ್ದ ಕೆಲಸವೇ. ಮೊದಲು ಸರಳಿನಲ್ಲಿ ಕಸ ತಡೆಯುತ್ತಾರೆ, ಆಮೇಲೆ ತೊಟ್ಟಿಯಲ್ಲಿ ನಿಲ್ಲಿಸಿ ಗಸಿ ಇಳಿಸುತ್ತಾರೆ, ಆಮೇಲೆ ಯಂತ್ರದಿಂದ ಗಾಳಿ ಊದಿ ಸೂಕ್ಷ್ಮಜೀವಿಗಳಿಗೆ ಕೊಳೆ ತಿನ್ನಿಸುತ್ತಾರೆ. ಹೊಳೆಯ ಖಾತೆಯಿಂದ ಹೋಗಬೇಕಾಗಿದ್ದ ಆಮ್ಲಜನಕವನ್ನು ನಾವು ಕರೆಂಟು ಖರ್ಚು ಮಾಡಿ ಮೊದಲೇ ಕಟ್ಟಿಬಿಡುವುದು, ಅಷ್ಟೇ. ಘಟಕ ಕಟ್ಟಿದರೆ ಮುಗಿಯಲಿಲ್ಲ. ಅದು ದಿನಾ ಓಡಬೇಕು, ಮನೆ ಮನೆಯ ಪೈಪು ಅದಕ್ಕೆ ಸೇರಬೇಕು. ನಾಗರಿಕರು ಊರಿನ ಆಡಳಿತವನ್ನು ಕೇಳಬೇಕಾದ ಪ್ರಶ್ನೆ ಇದು.

ಇನ್ನು ಹಿರಿಯರ ಜೊತೆ ಒಂದು ಮಾತು. ಇದು ನಮ್ಮ ಮನೆಯ ವಿಷಯ.

ಮೂರು ವರ್ಷದ ಹಿಂದೆ ನಮ್ಮ ಅಣ್ಣ ತೀರಿಕೊಂಡ. ಹಳ್ಳಿಯಲ್ಲೇ ಇದ್ದು, ಹೊಳೆಯ ನೀರೆತ್ತಿ ಬೇಸಾಯ ಮಾಡಿದವನು. ಕೊನೆಯ ಎರಡು ತಿಂಗಳು ಹಾಸಿಗೆ ಹಿಡಿದಿದ್ದ. ಮೂರನೇ ದಿನ ಹಾಲು-ತುಪ್ಪ ಬಿಟ್ಟು, ಬೂದಿ ಬಿಡಲು ಹೊಳೆಗೆ ಹೊರಟೆವು. ನಮ್ಮ ಕಡೆಯ ಪದ್ಧತಿ ನಿಮಗೆ ಗೊತ್ತೇ ಇದೆ. ಸತ್ತವರು ಮಲಗಿದ್ದ ಹಾಸಿಗೆ, ದಿಂಬು, ಹೊದಿಕೆ, ಉಟ್ಟ ಬಟ್ಟೆ ಎಲ್ಲವನ್ನೂ ಹೊಳೆಗೆ ಬಿಡುವುದು. ಅಣ್ಣನ ಮಗ ಅದನ್ನೆಲ್ಲ ಗಂಟು ಕಟ್ಟಿ ಟ್ರ್ಯಾಕ್ಟರಿನಲ್ಲಿ ಇಟ್ಟಿದ್ದ. ಫೋಮಿನ ಹಾಸಿಗೆ, ನೈಲಾನ್ ದಾರದ ಚಾಪೆ, ಎರಡು ರಗ್ಗು, ಅಣ್ಣ ಚಳಿಗಾಲದಲ್ಲಿ ಹೊದೆಯುತ್ತಿದ್ದ ಕರಿ ಕಂಬಳಿ.

"ಬೂದಿ ಬಿಡೋಣ, ಇದನ್ನೆಲ್ಲ ಹೊಳೆಗೆ ಹಾಕೋದು ಬೇಡ" ಎಂದೆ. ಎಂಬತ್ತು ದಾಟಿದ ನಮ್ಮ ಅಕ್ಕನಿಗೆ ಕೋಪ ಬಂತು. "ನೀನು ಪ್ಯಾಟೆ ಸೇರ್ದೋನು, ನಿನಗೇನ್ ಗೊತ್ತು? ಸತ್ತೋರ ವಸ್ತು ಮನೇಲಿ ಇಟ್ಕೊಂಡ್ರೆ ಆಗ್ಬರಕಿಲ್ಲ. ಅಪ್ಪಯ್ಯನ್ದೂ ಹಿಂಗೇ ಬುಟ್ಟಿದ್ದು, ಅವ್ವನ್ದೂ ಹಿಂಗೇ ಬುಟ್ಟಿದ್ದು. ಇವ್ನಿಗೆ ಮಾತ್ರ ಕಮ್ಮಿ ಮಾಡ್ಬೇಕಾ?" ಎಂದಳು. ದುಃಖದಲ್ಲಿರುವವರ ಎದುರು ಬಿಓಡಿ ಲೆಕ್ಕ ಹೇಳಲು ಬರುತ್ತದೆಯೇ? ನಾನು ಸುಮ್ಮನಾದೆ. ನೆಂಟರೆಲ್ಲ ನಿಂತಿದ್ದರು.

ಆಗ ಮಾತಾಡಿದ್ದು ಅಣ್ಣನ ಮಗ. "ಅತ್ತೆ, ಹೋದ ಬ್ಯಾಸ್ಗೇಲಿ ನಮ್ಮ ಪಂಪು ನೀರೆಳೀದೆ ನಿಂತೋಗಿತ್ತು. ಅಪ್ಪ, ನಾನು ಇಬ್ರೂ ಹೊಳೆಗಿಳಿದು ನೋಡುದ್ರೆ ಫುಟ್‌ವಾಲ್ವಿಗೆ ಯಾರ್ದೋ ರಗ್ಗು ಸುತ್ಕೊಂಡಿತ್ತು. ಅದ ಕುಯ್ದು ತೆಗೆಯಕ್ಕೆ ಅರ್ಧ ದಿನ ಹಿಡೀತು. ಅಪ್ಪ ಬೈಕೊಂಡು ಬೈಕೊಂಡು ತೆಗೆದ್ರು."

ಅಕ್ಕ ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ, "ಯಾರ್ದೋ ಅಂದ್ರೆ ಯಾರಪ್ಪನ್ದೋ ಆಗಿರ್ತದೆ ಕಣ್ಲಾ" ಎಂದಳು.

ಅಷ್ಟೇ. ಮತ್ತೆ ವಾದ ಆಗಲಿಲ್ಲ. ಮೇಲಿನ ಊರಿನವರು ಕಣ್ಣೀರು ಹಾಕಿ, ಕೈಮುಗಿದು ಹೊಳೆಗೆ ಬಿಟ್ಟ ವಸ್ತು ಕೆಳಗಿನ ಊರಿನಲ್ಲಿ ಬೈಸಿಕೊಂಡಿತ್ತು. ನಮ್ಮ ಅಣ್ಣನ ಹೊದಿಕೆಯನ್ನು ನಾಳೆ ಇನ್ನೊಬ್ಬ ರೈತ ಹಾಗೆ ಬೈದುಕೊಂಡು ಕುಯ್ಯುವುದು ಅಕ್ಕನಿಗೆ ಬೇಡವಾಗಿತ್ತು. ಒಂದು ಹಿಡಿ ಬೂದಿಯನ್ನು ಎಳ್ಳು, ಹೂವಿನ ಜೊತೆ ಹೊಳೆಗೆ ಬಿಟ್ಟೆವು. ಉಳಿದ ಬೂದಿಯನ್ನು ಗದ್ದೆಯ ಬದುವಿನ ಗುಂಡಿಯಲ್ಲಿ ಹಾಕಿ ಒಂದು ಹೊಂಗೆ ಸಸಿ ನೆಟ್ಟೆವು. ರಗ್ಗುಗಳನ್ನು ಒಗೆಸಿ ಬೇಕಾದವರಿಗೆ ಕೊಟ್ಟದ್ದಾಯಿತು. ಹಾಸಿಗೆ ಊರಿನ ಕಸದ ಗಾಡಿಗೆ ಹೋಯಿತು. ಕರಿ ಕಂಬಳಿ ಮಾತ್ರ ಯಾರಿಗೂ ಸಿಗಲಿಲ್ಲ. ಸತ್ತವರ ವಸ್ತು ಇಟ್ಟುಕೊಳ್ಳಬಾರದು ಎಂದಿದ್ದ ಅಕ್ಕನೇ ಅದನ್ನು ಒಗೆದು ಒಣಗಿಸಿ ತನ್ನ ಮನೆಗೆ ತೆಗೆದುಕೊಂಡು ಹೋದಳು. ಚಳಿಗಾಲದಲ್ಲಿ ಅದನ್ನೇ ಹೊದೆಯುತ್ತಾಳೆ.

ಈ 'ಕೆಳಗಿನ ಊರು' ಎಂಬ ಮಾತು ನಮ್ಮೊಬ್ಬರಿಗೇ ಅಲ್ಲ. ಮಳವಳ್ಳಿ ತಾಲ್ಲೂಕಿನ ತೊರೆಕಾಡನಹಳ್ಳಿಯಿಂದ ಕಾವೇರಿಯ ನೀರನ್ನು ಸುಮಾರು 100 ಕಿಲೋಮೀಟರು ದೂರದ ಬೆಂಗಳೂರಿಗೆ ಪಂಪು ಮಾಡುತ್ತಾರೆ. ಅದು ಮನೆಮನೆಯ ಕೊಳೆ ತೊಳೆದು, ಅದರಲ್ಲಿ ಒಂದು ಪಾಲು ವೃಷಭಾವತಿಗೆ ಇಳಿಯುತ್ತದೆ. ಬಸವನಗುಡಿಯ ದೊಡ್ಡ ಬಸವಣ್ಣನ ಸನ್ನಿಧಿಯಲ್ಲಿ ಹುಟ್ಟಿತೆಂದು ಹೆಸರಾದ ಆ ನದಿ ಈಗ ಚರಂಡಿಯ ಹಾಗೆ ಹರಿದು ಅರ್ಕಾವತಿಗೆ ಸೇರುತ್ತದೆ. ಅರ್ಕಾವತಿ ಕನಕಪುರ ತಾಲ್ಲೂಕಿನ ಸಂಗಮದಲ್ಲಿ ಮತ್ತೆ ಕಾವೇರಿಗೇ ಬರುತ್ತದೆ. ಕಳಿಸಿದ ನೀರು ಸುತ್ತಿ ಬಳಸಿ ಅದೇ ನದಿಗೆ ಬಂದು, ಅಲ್ಲಿಂದ ಇನ್ನೂ ಕೆಳಗಿನವರ ಪಾಲಾಗುತ್ತದೆ. ಶಿಂಷೆಗೆ ಆ ಗತಿ ಇನ್ನೂ ಬಂದಿಲ್ಲ. ಬರುವ ಮೊದಲೇ ಎಚ್ಚರವಾದರೆ ಖರ್ಚು ಕಡಿಮೆ.

ಕೆಟ್ಟ ಮೇಲೂ ನದಿ ಬದುಕಬಹುದು ಎಂಬುದಕ್ಕೆ ಲಂಡನ್ನಿನ ಥೇಮ್ಸ್ ಸಾಕ್ಷಿ. 1858ರ ಬೇಸಿಗೆಯಲ್ಲಿ ಅದರ ದುರ್ವಾಸನೆ ದಡದಲ್ಲಿದ್ದ ಪಾರ್ಲಿಮೆಂಟಿನ ಒಳಗೂ ನುಗ್ಗಿತು. ಆಗ ಜೋಸೆಫ್ ಬಝಲ್‌ಜೆಟ್ ಎಂಬ ಇಂಜಿನಿಯರ್ ದೊಡ್ಡ ಒಳಚರಂಡಿ ಕಟ್ಟಿಸಿದರು. ಆದರೆ ಕೊಳೆಯನ್ನು ಮೊದಮೊದಲು ಊರಾಚೆ, ನದಿಯ ಕೆಳಭಾಗಕ್ಕೆ ಬಿಟ್ಟರು. ಲಂಡನ್ನಿನವರಿಗೆ ವಾಸನೆ ತಪ್ಪಿತು, ಕೆಳಗಿನವರಿಗೆ ತಪ್ಪಲಿಲ್ಲ. 1957ರಲ್ಲಿ ಥೇಮ್ಸ್‌ನ ಕೆಳಭಾಗ ಜೀವವೇ ಇಲ್ಲದ ನದಿ ಎಂದು ತಜ್ಞರು ಹೇಳಿದರು. ಆಮೇಲೆ ಶುದ್ಧೀಕರಣ ಘಟಕಗಳನ್ನು ಸರಿಪಡಿಸಿದರು. 1974ರಲ್ಲಿ ಸಾಲ್ಮನ್ ಎಂಬ ಮೀನು ಮತ್ತೆ ಕಾಣಿಸಿಕೊಂಡಿತು. ಕೊಳೆ ನದಿಗೆ ಬೀಳುವ ಬಾಯಲ್ಲೇ ಅದನ್ನು ತಡೆದದ್ದರಿಂದ ಆದ ಕೆಲಸ ಅದು.

ಅಷ್ಟು ದೂರ ಯಾಕೆ, ನಮ್ಮ ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿಗೆ ಬನ್ನಿ. ಶಿಂಷೆಯ ಹತ್ತಿರದ ಈ ಊರಿನ ಹುಣಸೆ ಮರಗಳ ಮೇಲೆ, ಮನೆಗಳ ನಡುವೆಯೇ, ಹೆಜ್ಜಾರ್ಲೆ ಮತ್ತು ಬಣ್ಣದ ಕೊಕ್ಕರೆಗಳು ಗೂಡು ಕಟ್ಟುತ್ತವೆ. ಹಕ್ಕಿ ಬಂದರೆ ಊರಿಗೆ ಒಳ್ಳೆಯದು ಎಂದು ಜನ ನಂಬಿದ್ದಾರೆ. ಮರದ ಕೆಳಗೆ ಬಿದ್ದ ಹಿಕ್ಕೆಯನ್ನು ಗೊಬ್ಬರ ಮಾಡಿಕೊಳ್ಳುತ್ತಾರೆ. ಗೂಡಿಗೆ ತೊಂದರೆಯಾಗದಂತೆ ಹುಣಸೆ ಹಣ್ಣನ್ನು ಬಿಟ್ಟುಕೊಡುವ ಮರದ ಒಡೆಯರಿಗೆ ಅರಣ್ಯ ಇಲಾಖೆ ಪರಿಹಾರ ಕೊಡುತ್ತದೆ. 2007ರಲ್ಲಿ ಸರ್ಕಾರ ಇದನ್ನು ಸಮುದಾಯ ಮೀಸಲು ಪ್ರದೇಶ ಎಂದು ಘೋಷಿಸಿತು. ಜನ ಇಷ್ಟು ಮಾಡಿದರೂ 2017ರ ಕೊನೆಯಿಂದ ಮುಂದಿನ ತಿಂಗಳುಗಳಲ್ಲಿ ಹಲವಾರು ಹೆಜ್ಜಾರ್ಲೆಗಳು ಸತ್ತು ಬಿದ್ದವು. ಪರೀಕ್ಷೆ ಮಾಡಿದಾಗ ಹೊಟ್ಟೆಯಲ್ಲಿ ದುಂಡುಹುಳು ಸಿಕ್ಕಿತು. ಆ ಹುಳು ಹಕ್ಕಿಯ ಹೊಟ್ಟೆ ಸೇರುವುದು ಅದು ತಿನ್ನುವ ಮೀನಿನಿಂದ. ಮರ ಕಾಯಬಹುದು, ಗೂಡು ಕಾಯಬಹುದು. ಮೀನು ಹಿಡಿಯುವ ನೀರನ್ನು ಬರೀ ಆ ಊರಿನವರು ಕಾಯಲು ಆಗುವುದಿಲ್ಲ. ಅದಕ್ಕೆ ಮೇಲಿನ ಊರಿನವರೆಲ್ಲ ಬೇಕು.

ಈಗ ನಮ್ಮ ಕೈಲಾಗುವುದನ್ನು ಹೇಳುತ್ತೇನೆ. ಮಕ್ಕಳೇ, ನಿಮ್ಮ ಮನೆಯ ಬಚ್ಚಲ ನೀರು ಎಲ್ಲಿಗೆ ಹೋಗುತ್ತದೆ ಎಂದು ಒಂದು ದಿನ ಹಿಂಬಾಲಿಸಿ ನೋಡಿ. ಚರಂಡಿಯ ಪಕ್ಕ ದೊಡ್ಡವರ ಜೊತೆ ಮಾತ್ರ ಹೋಗಿ, ನೀರಿಗೆ ಕೈ ಹಾಕಬೇಡಿ, ಒಂದು ಗಂಟೆ ಲೆಕ್ಕ ಬರೆಯಿರಿ. ಬೈಗುಳಕ್ಕೆ ಬಗ್ಗದವರು ಲೆಕ್ಕಕ್ಕೆ ಬಗ್ಗುತ್ತಾರೆ. ರೈತರ ಮನೆಯ ಮಕ್ಕಳು ಅಪ್ಪನಿಗೆ ಒಂದು ಮಾತು ಹೇಳಿ: ಔಷಧಿ ಡಬ್ಬವನ್ನು ನಾಲೆಯಲ್ಲಿ ತೊಳೆಯುವುದು ಬೇಡ, ಮೂರು ಸಲ ತೊಳೆದು ಆ ನೀರನ್ನು ಸ್ಪ್ರೇಯರಿಗೇ ಹಾಕಿಕೊಂಡರೆ ಔಷಧಿಯೂ ಉಳಿಯುತ್ತದೆ. ಅಣ್ಣನ ಮಗ ಈಗ ಹಾಗೇ ಮಾಡುತ್ತಾನೆ.

ನನ್ನ ವಯಸ್ಸಿನವರಿಗೆ ಇನ್ನೂ ದೊಡ್ಡ ಕೆಲಸವಿದೆ. ಮನೆಯಲ್ಲಿ ಶಾಸ್ತ್ರ, ಪದ್ಧತಿ ಎಂದಾಗ ಎಲ್ಲರೂ ತಿರುಗಿ ನೋಡುವುದು ನಮ್ಮ ಮುಖವನ್ನೇ. ಹರಿದ ದೇವರ ಪಟ, ಹಳೆಯ ಬಟ್ಟೆ, ಬಣ್ಣದ ಗಣಪತಿ, ಇವನ್ನು ಹೊಳೆಗೆ ಹಾಕಬೇಡಿ ಎಂದು ಮಗ-ಸೊಸೆ ಹೇಳಿದರೆ ಮನಸ್ತಾಪ ಆಗಬಹುದು. ನಾವು ಹೇಳಿದರೆ ಅದೇ ಪದ್ಧತಿಯಾಗುತ್ತದೆ. ನಾನಂತೂ ನನ್ನ ಪಾಲಿನದನ್ನು ಹೇಳಿಟ್ಟಿದ್ದೇನೆ. ನನ್ನ ಕಾಲ ಬಂದಾಗ ಒಂದು ಹಿಡಿ ಬೂದಿ ಹೊಳೆಗೆ, ಉಳಿದದ್ದು ಒಂದು ಗಿಡದ ಬುಡಕ್ಕೆ. ಮಗ ಇದನ್ನು ಕೇಳಿ "ಈಗ್ಯಾಕಪ್ಪ ಆ ಮಾತು" ಎಂದು ಎದ್ದುಹೋದ. ಮೊಮ್ಮಗಳು ಮಾತ್ರ ಲೆಡ್ಜರ್ ತಂದು, ತಾರೀಖು ಹಾಕಿ ಬರೆದುಕೊಂಡು, ಕೆಳಗೆ ನನ್ನ ಸಹಿ ಹಾಕಿಸಿಕೊಂಡಳು.